ಪಾಲೆ ಮರಕ್ಕೆ ಶ್ರೀಗಂಧದ ಪಟ್ಟ ಕಟ್ಟಿದ ತನಿಖಾಧಿಕಾರಿಗಳಿಗೆ

ಮಾನ್ಯ ತನಿಖಾಧಿಕಾರಿಗಳೇ,

ಪುಣೆಯ ಕೋಥರೂಡಿನಲ್ಲಿ ಇಡ್ಲಿ-ಸಾಂಬಾರಿನ ಹೋಟೆಲು ನಡೆಸುವ ದೇವದಾಸರ ಹೆಂಡತಿ ಪಂಕಜಾಕ್ಷಿಯ ಸವಿನಯ ನಮಸ್ಕಾರಗಳು. ನನ್ನ ಗಂಡ ಶ್ರೀಗಂಧದ ಕಳ್ಳನೆಂದು ತಾವು ನ್ಯಾಯಾಲಯಕ್ಕೆ ಸಲ್ಲಿಸಿದ ಆರೋಪಪಟ್ಟಿಯನ್ನು ಓದಿ, ಇಂಥ ಸಾಹಸಿಯ ಜೊತೆ ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುವುದು ನಮ್ಮ ತುಳುನಾಡಿನ ಪದ್ಧತಿ. ಸೂರ್ಯ ಹುಟ್ಟುವ ಮೊದಲು, ಮೈಮೇಲೆ ಬಟ್ಟೆಯಿಲ್ಲದೆ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕು. ನಮ್ಮ ವಸತಿ ಸೊಸೈಟಿಯ ಗೇಟಿನ ಹೊರಗೇ ಆ ಮರವಿದೆ. ಇಲ್ಲಿಯವರು ಸಪ್ತಪರ್ಣಿ ಎನ್ನುತ್ತಾರೆ. ಪಟ್ಟಣವಲ್ಲವೇ ಎಂದು ನಮ್ಮವರು ಲುಂಗಿಯೊಂದನ್ನು ಉಳಿಸಿಕೊಂಡು ಹೋದರು, ಗಸ್ತಿನಲ್ಲಿದ್ದ ತಮ್ಮ ಕೈಗೆ ಸಿಕ್ಕರು. "ಹಿಡಿದರೆ ಜಾರಿಕೊಳ್ಳುವ ಉದ್ದೇಶದಿಂದ ಆರೋಪಿಯು ಅಂಗಿ ಧರಿಸಿರಲಿಲ್ಲ" ಎಂದು ತಾವು ಬರೆದಿದ್ದೀರಿ. ಅವರ ಹೊಟ್ಟೆ ನೋಡಿದವರಾರೂ ಜಾರುವ ಮಾತು ಎತ್ತುವುದಿಲ್ಲ, ಸ್ವಾಮಿ.

ಅವರ ಕೈಯ ಕಲ್ಲು ತಮ್ಮ ಪಟ್ಟಿಯಲ್ಲಿ ಗರಗಸವಾಗಿದೆ. ಕಣ್ಣಾರೆ ಕಂಡ ವಾಚ್‌ಮನ್ ಬಾಳಕೃಷ್ಣ, "ನಾ ಕಲ್ಲು ಅಂತನ ಹೇಳೀನ್ರಿ ಅಕ್ಕಾರ, ಗರಗಸ ಎಲ್ಲಿಂದ ಬಂತೋ ಏನೋ" ಎಂದು ಇಂದಿಗೂ ತಲೆ ಕೆರೆದುಕೊಳ್ಳುತ್ತಿದ್ದಾನೆ. ಊರಿನ ಇನ್ನೊಂದು ಮೂಲೆಯ ಖಡಕಿಯಲ್ಲಿ ಯಾರೋ ಗಂಧದ ಮರ ಕಡಿದ ಬೇರೊಂದು ಪ್ರಕರಣದ ಸಾಲುಗಳನ್ನು ತಾವು ಇದರೊಳಗೆ ಹಾಗೆಯೇ ಅಂಟಿಸಿದ್ದರಿಂದ, ನಮ್ಮವರು ಒಂದೇ ಗಳಿಗೆಯಲ್ಲಿ ಕೋಥರೂಡಿನಲ್ಲೂ ಖಡಕಿಯಲ್ಲೂ ಇದ್ದರು. ಈ ವಿದ್ಯೆಯನ್ನು ದಯವಿಟ್ಟು ಸಿಟಿ ಬಸ್ಸಿನವರಿಗೂ ಕಲಿಸಿಕೊಡಬೇಕು. ಹಾಗೆಯೇ ಊರಿನ ಉಳಿದ ಸಪ್ತಪರ್ಣಿಗಳನ್ನೂ ಒಂದೊಂದು ಸಹಿ ಹಾಕಿ ಶ್ರೀಗಂಧವಾಗಿಸಿದರೆ ಪುಣೆಯ ಜನ ತಮ್ಮನ್ನು ಮರೆಯುವುದಿಲ್ಲ.

ಅಂಗೈಯಗಲ ತೊಗಟೆ ಕಿತ್ತದ್ದು ನಿಜ, ಅದಕ್ಕೆ ದಂಡ ಹಾಕಿ, ಕಟ್ಟುತ್ತೇವೆ. ಆದರೆ ಜೈಲಿಗೆ ಹೋಗಬೇಕಾದೀತೆಂಬ ಭಯದಲ್ಲಿ, ಗಿರಾಕಿಗಳಿಗೆ ಮುಖ ತೋರಿಸಲಾರದೆ, ಆ ಮನುಷ್ಯ ಗಲ್ಲಾ ಬಿಟ್ಟು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಕೂತಿರುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಹಾಗಾಗಿ, ಇಷ್ಟು ತಪ್ಪುಗಳ ಮೇಲೆ ನಿಂತ ಆರೋಪವನ್ನೇ ಕೈಬಿಡಬೇಕೆಂದು ನಮ್ಮ ವಕೀಲೆ ಚಿತ್ರಾ ಅರ್ಜಿ ಹಾಕಿದ್ದಾರೆ.

ತಮ್ಮ ವಿಶ್ವಾಸಿ,
ಪಂಕಜಾಕ್ಷಿ ದೇವದಾಸ್

ತಾ.ಕ.: ಅರ್ಜಿ ಕೇಳಿದ ನ್ಯಾಯಾಧೀಶರು, ತಾವು ವಶಪಡಿಸಿಕೊಂಡು ಮೊಹರು ಹಾಕಿದ ತೊಗಟೆಯ ಪೊಟ್ಟಣವನ್ನು ಸೋಮವಾರ ತುಂಬಿದ ಕೋರ್ಟಿನಲ್ಲಿ ಒಡೆಸಿ, ಮೊದಲು ತಮ್ಮ ಕೈಗೇ ಕೊಟ್ಟು ಮೂಸಿ ನೋಡಿಸುವುದಾಗಿ ಹೇಳಿದ್ದಾರೆ. ಅಷ್ಟರೊಳಗೆ ನೆಗಡಿ ಮಾಡಿಕೊಳ್ಳಬೇಡಿ.