ನಾಲ್ಕು ಸಿಮ್ಮು, ಒಂದು ಕೆಂಪು ಗೆರೆ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು. ಆಮೇಲೆ ಮಧ್ಯದಲ್ಲಿ ‘ಸಾಕು ಸುಮ್ನಿರೋ’ ಅಂದರೆ ನಾನು ಕೇಳುವವನಲ್ಲ. ಹೆತ್ತೂರು ಹೋಬಳಿಯಲ್ಲಿ ಹುಟ್ಟಿ, ಕೊಲ್ಲಿ ದೇಶದಲ್ಲಿ ನೀರಿನ ಟ್ಯಾಂಕರ್ ಓಡಿಸಿ, ಅಲ್ಲಿದ್ದ ಮೂರು ಫೋನ್ ಕಂಪನಿಗಳನ್ನೂ ಬಳಸಿ ಬಿಸಾಕಿದ ಗಂಡಸು ನಾನೊಬ್ಬನೇ. ಬೇರೆ ಯಾವನಾದರೂ ಇದ್ದರೆ ಕರೆದುಕೊಂಡು ಬನ್ನಿ, ಎದುರು ಕೂರಿಸಿಕೊಂಡು ಮಾತಾಡೋಣ. ಫೋನ್ ವಿಷಯದಲ್ಲಿ ನನಗೆ ಆದದ್ದು ಒಂದೆರಡಲ್ಲ. ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಮೊದಲು ಒಂದು ಸಂಗತಿ ತಿಳಿದಿರಲಿ. ನಾನು ಅಲ್ಲಿಗೆ ಹೋದದ್ದು ಅಲ್ಲೇ ಬೇರು ಬಿಡೋಕಲ್ಲ. ನಮ್ಮೂರ ಕಾಫಿ ಎಸ್ಟೇಟಿನ ರೈಟರ್‌ಗೆ ವಯಸ್ಸಾಗಿತ್ತು. ರೈಟರ್ ಅಂದರೆ ಬೆಳಿಗ್ಗೆ ಹಾಜರಿ ಕೂಗಿ, ಯಾರು ಯಾವ ತೋಟಕ್ಕೆ ಅಂತ ಹೇಳಿ ಕಳಿಸುವವರು. ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಕೊಡೆ ಹಿಡಿದು ನಿಂತರೆ ಅರ್ಧ ಸಾಹುಕಾರರೇ. ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಕಾಲದಿಂದಲೂ ನನಗೆ ಆ ಕೊಡೆಯ ಮೇಲೇ ಕಣ್ಣು. ಹೊರಡುವ ದಿನ ಸಾಹುಕಾರರು ಕರೆದು ಹೇಳಿದರು, “ಎರಡು ವರ್ಷ ಹೋಗಿ ಬಾರಪ್ಪ. ಈ ರೈಟ್ರು ಯಾವಾಗ ಕೆಲಸ ಬಿಡ್ತಾರೋ ಆಗ ನಾನೇ ಫೋನ್ ಮಾಡ್ತೀನಿ. ಎತ್ತಿ ಹೂಂ ಅನ್ನು, ಕೆಲಸ ನಿಂದು.” ನನ್ನೆದುರೇ ಹಾಜರಿ ಪುಸ್ತಕದ ಕೊನೆ ಹಾಳೆ ತೆಗೆಸಿ ‘ರೈಟರ್ ಕೆಲಸಕ್ಕೆ’ ಅಂತ ಬರೆಸಿದರು. ಮೊದಲ ಹೆಸರು ನನ್ನದು. ಎರಡನೆಯದು ಮಾರನಹಳ್ಳಿಯವನೊಬ್ಬನದು. ಅವನು ಸಕಲೇಶಪುರ ದಾಟಿದವನಲ್ಲ, ಲೆಕ್ಕಕ್ಕಿಲ್ಲದವನು ಅಂತ ನಾನು ಆ ಹೆಸರನ್ನು ಸರಿಯಾಗಿ ಓದಲೂ ಇಲ್ಲ.

ಅಂದರೆ ನನ್ನ ಬದುಕು ನಿಂತದ್ದು ಒಂದೇ ಒಂದು ಕರೆಯ ಮೇಲೆ. ಆ ಕರೆ ನನ್ನನ್ನು ಹುಡುಕಿಕೊಂಡು ಬರಬೇಕು. ಅದಕ್ಕೆ ಒಳ್ಳೆ ಕಂಪನಿ ಆರಿಸಬೇಕು. ಆರಿಸುವುದರಲ್ಲಿ ನನ್ನನ್ನು ಮೀರಿಸಿದವನಿಲ್ಲ ಅಂತ ಆಗ ಅಂದುಕೊಂಡಿದ್ದೆ.

ಟ್ಯಾಂಕಿನ ಮೇಲೆ

ಮೊದಲನೇ ಸಿಮ್ಮು ಅಲ್ಲಿಯ ಹಳೇ ಕಂಪನಿಯದು. ಕ್ಯಾಂಪಿನಲ್ಲಿ ಎಲ್ಲರ ಹತ್ತಿರವೂ ಅದೇ ಇತ್ತು. ನಂಬರನ್ನು ಊರಿಗೆ ತಿಳಿಸಬೇಕಿತ್ತು. ಹೆತ್ತೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನ ಹತ್ತಿರ ಲ್ಯಾಂಡ್‌ಲೈನ್ ಫೋನಿದೆ. ಅವನಿಗೆ ಹೇಳಿದರೆ, ಸಂಜೆ ಬೀಡಿಗೆ ಬರುವ ರೈಟರ್‌ಗೆ ಅವನು ಹೇಳುತ್ತಾನೆ, ರೈಟರ್ ನನ್ನ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ಏರ್ಪಾಡು ಅಷ್ಟೇ.

ಆಗ ನಮ್ಮ ಕಡೆ ಮೊಬೈಲ್ ಇದ್ದ ನಾಲ್ಕು ಜನ ಮಾತಾಡಬೇಕಾದರೆ ಗುಡ್ಡದ ಮೇಲಿನ ಬಂಡೆ ಹತ್ತಬೇಕಿತ್ತು. ಸಾವು, ಮದುವೆ, ಮೆಣಸಿನ ರೇಟು, ಎಲ್ಲ ಆ ಬಂಡೆಯ ಮೇಲೇ. ಆ ರೂಢಿಯಲ್ಲಿ ನಾನು ಕ್ಯಾಂಪಿನಲ್ಲಿ ಎತ್ತರದ ಜಾಗ ಹುಡುಕಿದೆ. ಸುತ್ತ ಮರಳು, ರೊಟ್ಟಿ ಕಾವಲಿ ಹಾಗೆ ಸಪಾಟು. ಇದ್ದದ್ದು ನೀರಿನ ಟ್ಯಾಂಕ್ ಒಂದೇ. ಹತ್ತಿದೆ. ಮೇಲೆ ನಿಂತು ಊರಿಗೆ ಕೇಳುವ ಹಾಗೆ ಕಿರುಚಿ ನಂಬರ್ ಬರೆಸಿದೆ.

ಕೆಳಗೆ ನಮ್ಮ ಅಡುಗೆಯವರು ಸೌಟು ಹಿಡಿದು ನಿಂತಿದ್ದರು. ಕಾಸರಗೋಡಿನವರು, ಕನ್ನಡ ಬರುತ್ತಿತ್ತು.

“ಎಂಥ ಮಾರಾಯ, ಅಲ್ಲಿ ಎಂಥ ಮಾಡುವುದು ನೀನು?”

“ಸಿಗ್ನಲ್ಲಿಗೆ ಬಂದೆ ಕಣಣ್ಣ.”

“ಇಲ್ಲಿ ಕಕ್ಕಸಿನಲ್ಲಿ ಕೂತರೂ ಸಿಗ್ನಲ್ ಉಂಟಲ್ಲ!”

ನಾನು ಸೋಲುವವನೇ? ಅಷ್ಟು ಹೊತ್ತಿಗೆ ಸೂಪರ್‌ವೈಸರೂ ಬಂದು ನಿಂತಿದ್ದ. ಮಾನ ಉಳಿಸಿಕೊಳ್ಳೋಕೆ ಕೆಳಗಿಳಿದು ಗತ್ತಿನಿಂದ ಹೇಳಿದೆ, “ಸಿಗ್ನಲ್ ಅಂದದ್ದು ತಮಾಷೆಗೆ. ಟ್ಯಾಂಕ್ ಕ್ಲೀನ್ ಆಗಿದೆಯೋ ಇಲ್ಲವೋ ನೋಡೋಕೆ ಹತ್ತಿದೆ. ಒಳಗೆ ಪಾಚಿ ಕಟ್ಟಿದೆ.”

ಸೂಪರ್‌ವೈಸರ್ ನನ್ನ ಬೆನ್ನು ತಟ್ಟಿದ. ಅಲ್ಲಿಂದ ಮುಂದೆ ನಾನು ಆ ದೇಶ ಬಿಡುವವರೆಗೆ, ಪ್ರತಿ ಶುಕ್ರವಾರ ಎಲ್ಲರಿಗೂ ರಜೆ. ನನಗೆ ಟ್ಯಾಂಕ್ ತೊಳೆಯುವ ಕೆಲಸ.

ಹೆತ್ತೂರಿನ ಮಳೆ

ಹಳೇ ಕಂಪನಿಯಲ್ಲಿ ಮಾತು ಸ್ಪಷ್ಟವಾಗಿತ್ತು, ಸುಳ್ಳು ಹೇಳಬಾರದು. ಆದರೆ ಎಲ್ಲರ ಹತ್ತಿರ ಇರುವುದು ನನಗೆ ಯಾಕೆ? ಆಷಾಢದ ಹೊತ್ತಿಗೆ ಹೊಸ ಕಂಪನಿಯೊಂದು ಪೇಟೆಯಲ್ಲಿ ಬಲೂನು ಕಟ್ಟಿ ಅಂಗಡಿ ತೆರೆಯಿತು. ಒಳಗೆ ಹೋದೆ. ಅಂಗಡಿಯವನಿಗೆ ಕನ್ನಡ ಬಾರದು, ನನ್ನದು ಹರಕು ಹಿಂದಿ.

“ಮೊದಲು ಮಾಡಿ ತೋರಿಸು, ಆಮೇಲೆ ತಗೊಳ್ಳೋದು” ಅಂದೆ. ನಮ್ಮೂರಲ್ಲಿ ಮರ ಕುಯ್ಯುವ ಮಿಷನ್ ತಗೊಳ್ಳುವಾಗ ಅಂಗಡಿ ಮುಂದೆ ಒಂದು ದಿಮ್ಮಿ ಕುಯ್ಸಿ ನೋಡುತ್ತೇವೆ. ಸಿಮ್ಮೇನು ದೊಡ್ಡದೇ?

ಅವನು ನಗುತ್ತ ತನ್ನ ಫೋನಿನಿಂದಲೇ ಮಾವನ ಅಂಗಡಿಗೆ ಹಚ್ಚಿ ಕೊಟ್ಟ. ಕಿವಿಗಿಟ್ಟೆ. ಸೋ ಅಂತ ಮಳೆ! ಹೆತ್ತೂರಿನ ಮಳೆ, ಅಂಗಡಿಯ ತಗಡಿನ ಮೇಲೆ ಬೀಳುವ ಸದ್ದು, ನನ್ನ ಕಿವಿಯೊಳಗೆ! ಅದರ ನಡುವೆ ಮಾವನ ದನಿ ಅಷ್ಟಿಷ್ಟು.

“ಮಾವ, ಮಳೆ ಜೋರೈತಾ?”

“ಜೋರು ಅಂದ್ರೆ ಜೋರು ಕಣೋ, ಸೇತುವೆ ಮ್ಯಾಲೆ ನೀರು ಹತ್ಬುಟ್ಟೈತೆ.”

ಅಷ್ಟು ಸಾಕಾಯಿತು. ಎರಡನೇ ಸಿಮ್ಮು ತಗೊಂಡೆ. ಅಲ್ಲಿ ಕಂಪನಿ ಬದಲಾದರೆ ನಂಬರೂ ಬದಲು. ಆ ಹೊಸ ನಂಬರನ್ನೂ ಮಾವನಿಂದ ರೈಟರ್‌ಗೆ ಮುಟ್ಟಿಸಿದೆ. ಕ್ಯಾಂಪಿಗೆ ಬಂದು ಎಲ್ಲರ ಮುಂದೆ ಹೇಳಿದೆ, “ನಿಮ್ಮ ಕಂಪನಿಯಲ್ಲಿ ಬರೀ ಮಾತು ಕೇಳ್ತದೆ. ನನ್ನದರಲ್ಲಿ ಊರೇ ಕೇಳ್ತದೆ.”

ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಮಾವ ಏನು ಹೇಳುತ್ತಿದ್ದ ಅಂತ ಅರ್ಧ ಕೇಳಿಸುತ್ತಿರಲಿಲ್ಲ, ಪರವಾಗಿಲ್ಲ. ಹೊರಗೆ ಬೆಂಕಿ ಬಿಸಿಲು, ನಾನು ಟ್ಯಾಂಕರಿನ ನೆರಳಲ್ಲಿ ಕೂತು ಕಣ್ಣು ಮುಚ್ಚಿ ಮಳೆ ಕೇಳುತ್ತಿದ್ದೆ. ಒಂದೆರಡು ಸಲ ಮುಖವನ್ನೂ ಒರೆಸಿಕೊಂಡೆ, ಬೆವರು ಅಂತ ಇಟ್ಟುಕೊಳ್ಳಿ.

ಹೀಗೆ ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಶಿವರಾತ್ರಿ ಕಳೆಯಿತು. ಒಂದು ದಿನ ಮಾಮೂಲಿನಂತೆ ಕೇಳಿದೆ, “ಮಳೆ ನಿಂತೇ ಇಲ್ವಲ್ಲ ಮಾವ ಈ ವರ್ಷ?”

“ಏನಂದೆ?” ಅಂತ ಮಾವ ಎರಡು ಸಲ ಕೇಳಿದ. ಆಮೇಲೆ ಗಂಟಲು ಹರಿಯುವ ಹಾಗೆ ಕಿರುಚಿದ, “ಯಾವ ಮಳೆನೋ? ಹೂಮಳೆ ಒಂದು ಹನಿ ಬಿದ್ದಿಲ್ಲ, ಕಾಫಿ ಮೊಗ್ಗೆಲ್ಲ ಒಣಗಿ ಹೋಗ್ತಾ ಐತೆ, ಊರಿಗೂರೇ ಮೇಲೆ ನೋಡ್ಕಂಡು ಕೂತೈತೆ! ನಿಂಗೇನು ತಲೆ ಕೆಟ್ಟೈತಾ?”

ಅದು ಕಂಪನಿಯ ಲೈನಿನ ಸದ್ದು. ಎಂಟು ತಿಂಗಳು ನಾನು ಕೇಳಿ ಕಣ್ಣೊರೆಸಿಕೊಂಡದ್ದು ಅದನ್ನೇ. ಹೇಳೋಕೆ ನಾಚಿಕೆ, ಆದರೂ ಹೇಳುತ್ತೇನೆ: ಗೊತ್ತಾದ ಮೇಲೂ ಆ ಸಿಮ್ಮನ್ನು ಇನ್ನೊಂದು ತಿಂಗಳು ಬಿಡಲಿಲ್ಲ.

ಒಂಟೆ ಡಾಕ್ಟರ್

ಮೂರನೆಯದು ಮೂರನೇ ಕಂಪನಿಯದು. ಅದರಲ್ಲಿ ಫ್ಯಾನ್ಸಿ ನಂಬರ್ ಸಿಕ್ಕಿತು, ಒಂದೇ ಅಂಕಿ ಸಾಲಾಗಿ ಐದು ಸಲ. ಕ್ಯಾಂಪಿನಲ್ಲಿ ಇಂಜಿನಿಯರಿಗೂ ಅಂಥದ್ದಿರಲಿಲ್ಲ. ನಂಬರ್ ಬರೆಸಲು ಫೋನ್ ಮಾಡಿದಾಗ ಮಾವ, “ರೈಟ್ರು ಬೈತಾವ್ರೆ ಕಣೋ. ನಿನ್ನ ಹೆಸ್ರಿನ ಮುಂದೆ ಜಾಗ ಮುಗೀತಂತೆ. ಒಂದು ಮ್ಯಾಲೆ, ಒಂದು ಕೆಳಗೆ, ಈಗ ಇದನ್ನ ಮಗ್ಗುಲಲ್ಲಿ ಬರೀತಾರಂತೆ” ಅಂದ.

“ಬರೀಲಿ ಬಿಡು ಮಾವ. ಒಂದು ಸಲ ಕೇಳಿದ್ರೆ ಸಾಯೋವರೆಗೂ ಮರೆಯೋ ನಂಬರಲ್ಲ ಅದು.”

ಮರೆಯುವ ನಂಬರಲ್ಲ, ನಿಜ. ನನಗಿಂತ ಮೊದಲು ಅದು ಯಾರ ಹತ್ತಿರ ಇತ್ತೋ, ಅವರನ್ನು ಆ ದೇಶದಲ್ಲಿ ಯಾರೂ ಮರೆತಿರಲಿಲ್ಲ. ಬೆಳಕು ಹರಿದರೆ ಸಾಕು, ಅರಬಿ ಭಾಷೆಯಲ್ಲಿ ಕರೆ ಮೇಲೆ ಕರೆ. ನನಗೆ ಬರುತ್ತಿದ್ದ ಅರಬಿ ಒಂದೇ ಪದ, ‘ತಯ್ಯಿಬ್’. ಒಳ್ಳೆಯದು, ಸರಿ ಅಂತ ಅರ್ಥ. ಜೊತೆಯವರು ನೋಡುತ್ತಿದ್ದರಲ್ಲ, ನಾನು ಕಾಲ ಮೇಲೆ ಕಾಲು ಹಾಕಿ ಎಲ್ಲದಕ್ಕೂ ‘ತಯ್ಯಿಬ್, ತಯ್ಯಿಬ್’ ಅನ್ನುತ್ತಿದ್ದೆ. ಇವನಿಗೆ ಅರಬರ ಸ್ನೇಹ ಉಂಟು ಅಂತ ಕ್ಯಾಂಪಿನಲ್ಲಿ ಬೆಲೆ ಬಂತು.

ಒಂದು ದಿನ ಅಡುಗೆಯವರು ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದರು. ಅವರಿಗೆ ಅರಬಿ ಚೆನ್ನಾಗಿ ಬರುತ್ತಿತ್ತು. ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

“ಅವನ ಒಂಟೆ ಮೂರು ದಿವಸದಿಂದ ಮೇವು ಮುಟ್ಟುವುದಿಲ್ಲ, ಹೊಟ್ಟೆ ಉಬ್ಬಿದೆ ಅಂತಾನೆ ಮಾರಾಯ. ನೀನು ಒಳ್ಳೆಯದು, ಒಳ್ಳೆಯದು ಅಂತೀಯಲ್ಲ!”

ನಂಬರ್ ಮೊದಲು ಒಬ್ಬ ಒಂಟೆ ಡಾಕ್ಟರದ್ದಾಗಿತ್ತಂತೆ. ರಾಂಗ್ ನಂಬರ್ ಅಂತ ಹೇಳಿ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾನು ದನ ಕಟ್ಟಿದ ಮನೆಯವನು. ಹೊಟ್ಟೆ ಉಬ್ಬಿದ್ದಕ್ಕೆ ಔಷಧಿ ಗೊತ್ತಿಲ್ಲ ಅನ್ನುವುದು ಹೇಗೆ? “ಓಮ, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಯ್ಸಿ ಕುಡ್ಸು ಅನ್ನಣ್ಣ, ನಮ್ಮ ಕಡೆ ಹಸುವಿಗೆ ಕೊಡೋದೇ” ಅಂದೆ. ಅವರು ಗೊಣಗುತ್ತಲೇ ಅರಬಿಯಲ್ಲಿ ಹೇಳಿದರು.

ಒಂಟೆ ಮಾರನೇ ದಿನ ಎದ್ದು ನಿಂತಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಅವನು ತನ್ನ ಅಣ್ಣನಿಗೆ ಹೇಳಿದ, ಅಣ್ಣ ಬೀಗರಿಗೆ ಹೇಳಿದ. ಹತ್ತು ಬರುತ್ತಿದ್ದ ಕರೆ ನಲವತ್ತಾಯಿತು. ನನ್ನ ಫೋನು ಬಿಡುವಾಗಿದ್ದ ಗಳಿಗೆಯೇ ಇಲ್ಲ.

ಆ ಕಾರ್ತಿಕದಲ್ಲಿ ಮಾವ ಹೇಗೋ ಒಂದು ಸಲ ಸಿಕ್ಕಿದ. “ಲೋ, ರೈಟ್ರಿಗೆ ಕಣ್ಣಿನ ಆಪರೇಷನ್ ಅಂತೆ, ಕೆಲಸ ಬಿಡ್ತಾವ್ರೆ. ಹಣ್ಣು ಕೊಯ್ಲು ಶುರುವಾಗೋಕೆ ಮುಂಚೆ ಹೊಸಬ್ರು ಬೇಕಂತೆ. ಸಾಹುಕಾರ್ರು ನಿಂಗೆ ಎರಡು ದಿನದಿಂದ ಫೋನ್ ಹಚ್ತಾವ್ರೆ, ಯಾವಾಗ ನೋಡಿದ್ರೂ ಎಂಗೇಜು. ಯಾರ್ ಜೊತೆ ಮಾತಾಡ್ತೀಯೋ ಅಷ್ಟೊಂದು?”

ಆ ದೇಶದ ಒಂಟೆಗಳಿಗೆಲ್ಲ ನಾನು ಸಿಕ್ಕಿದೆ. ನಮ್ಮ ಸಾಹುಕಾರರೊಬ್ಬರಿಗೆ ಸಿಗಲಿಲ್ಲ.

ಕೆಂಪು ಗೆರೆ

ನಾನೇ ಸಾಹುಕಾರರಿಗೆ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಎಸ್ಟೇಟ್ ಆಫೀಸಿನ ಫೋನು ಹೊರಗಿನ ದೇಶದ ಕರೆ ಬಂದರೆ ಕೊರ್ ಅಂತ ಒಂದು ಸಲ ಅತ್ತು ಸುಮ್ಮನಾಗುತ್ತಿತ್ತು. ಬೇಕಾದಷ್ಟು ನೋಡಿದ್ದೆ. ಅಲ್ಲದೆ, ಕೆಲಸ ಕೊಡಿ ಅಂತ ನಾನಾಗಿ ಕೇಳುವುದೆ? ಕರೆಯುತ್ತೇನೆ ಅಂದವರು ಅವರು.

ಅವತ್ತೇ ಫ್ಯಾನ್ಸಿ ಸಿಮ್ಮು ತೆಗೆದು ಬಿಸಾಕಿ ಹಳೇ ಕಂಪನಿಗೇ ತಲೆ ಬಾಗಿಸಿಕೊಂಡು ಹೋದೆ. ನಾಲ್ಕನೇ ಸಿಮ್ಮು. ಸ್ಪಷ್ಟ ದನಿ, ಮಳೆ ಇಲ್ಲ, ಒಂಟೆ ಇಲ್ಲ. ಮಾವನಿಗೆ ಹಚ್ಚಿ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದೆ. “ರೈಟ್ರಿಗೆ ಹೇಳು ಮಾವ, ಹಳೇದೆಲ್ಲ ಹೊಡೆದಾಕಿ ಇದೊಂದನ್ನೇ ಬರ್ಕೊಳ್ಳಿ ಅಂತ. ಸಾಹುಕಾರ್ರಿಗೆ ಗೊಂದಲ ಆಗಬಾರ್ದು.”

ರೈಟರ್ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ಮೇಲೊಂದು, ಕೆಳಗೊಂದು, ಮಗ್ಗುಲಲ್ಲೊಂದು ನಂಬರ್. ನಟ್ಟನಡುವೆ ನನ್ನ ಹೆಸರು. ಮೂರನ್ನೂ ಒಂದೇ ಸಲಕ್ಕೆ ಹೊಡೆಯಬೇಕು. ಕೆಂಪು ಇಂಕಿನ ಪೆನ್ನು ತೆಗೆದು ಮೂಲೆಯಿಂದ ಮೂಲೆಗೆ ಎಳೆದರು. ಆ ಹಾಳೆಯಲ್ಲಿ ಜಾಗ ಇರಲಿಲ್ಲವಲ್ಲ, ಹೊಸ ನಂಬರನ್ನು ಹಾಳೆ ಮಗುಚಿ ಹಿಂದೆ ಬರೆದರು.

ಆ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು ಅಂದರೆ ಎಸ್ಟೇಟಿನಲ್ಲಿ ಒಂದೇ ಅರ್ಥ. ಕೆಲಸ ಬಿಟ್ಟು ಹೋದವರಿಗೆ ನೀಲಿ. ಕೆಂಪು ಎಳೆಯುವುದು ಸತ್ತವರಿಗೆ ಮಾತ್ರ. ರೈಟರ್ ನಲವತ್ತು ವರ್ಷ ಪಾಲಿಸಿಕೊಂಡು ಬಂದ ಪದ್ಧತಿ. ಅವತ್ತು ನೀಲಿ ಪೆನ್ನಿನಲ್ಲಿ ಇಂಕು ಮುಗಿದಿತ್ತಂತೆ.

ಬೆಳಿಗ್ಗೆ ಸಾಹುಕಾರರು ಹಾಳೆ ತೆಗೆದರು. ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಹಾಜರಿಗೆ ನಿಂತಿದ್ದ ಲೈನ್ ಮನೆಗಳ ಆಳುಗಳನ್ನೆಲ್ಲ ಸ್ಟೋರ್ ಮುಂದೆ ಸಾಲಾಗಿ ನಿಲ್ಲಿಸಿ, “ನಮ್ಮ ಟ್ರ್ಯಾಕ್ಟರ್ ಓಡಿಸ್ತಿದ್ದ ಹುಡುಗ, ಪರದೇಶದಲ್ಲಿ ತೀರಿಕೊಂಡ. ಬಾಯಿ ಸ್ವಲ್ಪ ಜೋರು, ಆದ್ರೆ ಮನಸ್ಸು ಒಳ್ಳೇದು” ಅಂತ ಹೇಳಿ ಎರಡು ನಿಮಿಷ ಮೌನ ಆಚರಿಸಿದರು. ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟರು. ಎರಡನೇ ಹೆಸರಿನ ಮಾರನಹಳ್ಳಿಯವನು ಅಲ್ಲೇ ಗೊಬ್ಬರದ ಲೋಡು ಇಳಿಸೋಕೆ ಬಂದಿದ್ದ. ಕರೆದು ಅವನ ಕೈಗೆ ಕೊಡೆ ಕೊಟ್ಟರು. ಅವನ ಹತ್ತಿರ ಮೊಬೈಲೇ ಇರಲಿಲ್ಲ.

“ನೀವಾದ್ರೂ ಹೇಳಬಾರ್ದಾಗಿತ್ತಾ ರೈಟ್ರೇ?” ಅಂತ ಆಮೇಲೆ ಊರಿಗೆ ಬಂದಾಗ ಕೇಳಿದೆ. ಅವರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದರು.

“ನಾನೂ ತಲೆ ಬಗ್ಗಿಸಿ ನಿಂತಿದ್ದೆ ಕಣಪ್ಪ. ನಿನ್ನೆ ಸಂಜೆ ತಾನೇ ನಂಬರ್ ಬರೆಸವ್ನೆ, ಅಷ್ಟ್ರಲ್ಲಿ ಏನಾಯ್ತೋ ಪಾಪ ಅನ್ಕೊಂಡೆ. ಸಾಹುಕಾರ್ರು ಹೇಳ್ತಾವ್ರೆ ಅಂದ್ಮೇಲೆ ಅವರಿಗೆ ಗೊತ್ತಿರಲೇಬೇಕಲ್ಲ. ನಾನು ಅತ್ತೂ ಅತ್ತೆ.”

ಮಧ್ಯಾಹ್ನ ಸುದ್ದಿ ಕೇಳಿ ಮಾವ ಅಂಗಡಿ ಬಾಗಿಲು ಹಾಕಿ ಎಸ್ಟೇಟಿಗೆ ಓಡಿದ್ದನಂತೆ. “ಅವನು ನಿನ್ನೆ ತಾನೇ ನನ್ನ ಜೊತೆ ಮಾತಾಡ್ದ ಕಣ್ರೀ, ಗಟ್ಟಿಮುಟ್ಟಾಗವ್ನೆ!” ಸಾಹುಕಾರರು ಬಹಳ ಸಂತೋಷಪಟ್ಟರಂತೆ. ಆದರೆ ಕೆಲಸ ಕೊಟ್ಟಾಗಿತ್ತು. ನಾನು ಅಲ್ಲಿಯ ಎರಡು ವರ್ಷ ಮುಗಿಸಿ ಊರಿಗೆ ಬಂದು ಎದುರು ನಿಂತಾಗ ನನ್ನ ಮುಖಕ್ಕೇ ಹೇಳಿದರು:

“ಕೊಟ್ಟ ಮಾತು ವಾಪಸ್ ತಗೊಳ್ಳೋನಲ್ಲಪ್ಪ ನಾನು. ಅವನಿಗೆ ಮಾತು ಕೊಟ್ಬುಟ್ಟೆ.”

“ನನಗೂ ಕೊಟ್ಟಿದ್ರಲ್ಲ ಸಾಹುಕಾರ್ರೇ?”

“ಕೊಟ್ಟಿದ್ದೆ. ನೀನು ಇರೋತನಕ ಉಳಿಸ್ಕೊಂಡಿದ್ದೆ.”

ಪಾಪ ಅನ್ನಿಸಿತೇನೋ ಅವರಿಗೆ. ಎಸ್ಟೇಟಿನ ತುದಿ ಗುಡ್ಡದಲ್ಲಿ, ಹಿಂದೆ ನಾವು ಹತ್ತಿ ಮಾತಾಡುತ್ತಿದ್ದ ಅದೇ ಬಂಡೆಯ ಪಕ್ಕ, ಯಾವುದೋ ಫೋನ್ ಕಂಪನಿಯವರು ಟವರ್ ನಿಲ್ಲಿಸಿದ್ದರು. ಜಾಗ ಕೊಟ್ಟದ್ದಕ್ಕೆ ಕಾವಲಿಗೆ ಒಬ್ಬರನ್ನು ಸಾಹುಕಾರರೇ ಹೇಳಬಹುದಿತ್ತು. ನನ್ನ ಹೆಸರು ಹೇಳಿದರು. ಹೊಸ ರೈಟರ್ ಕೊಡೆ ಮಡಚಿ ಪಕ್ಕಕ್ಕಿಟ್ಟು, ಪುಸ್ತಕ ತೆಗೆದು ಕೇಳಿದ, “ನಂಬರ್ ಹೇಳಣ್ಣ, ಬರ್ಕೋತೀನಿ.”

“ನಂಬರಿಲ್ಲ” ಅಂದೆ.

ಕೊನೆಗೆ ನನಗೆ ಸಿಕ್ಕಿದ್ದು ಇಷ್ಟು: ಟವರಿನ ಬುಡದಲ್ಲಿ ಹಗಲು ಪಾಳಿಯ ಕಾವಲು ಕೆಲಸ, ಒಂದು ಖಾಕಿ ಶರಟು, ಕೂರೋಕೆ ಒಂದು ಕಬ್ಬಿಣದ ಸ್ಟೂಲು, ಜನರೇಟರ್ ಕೋಣೆಯ ಬೀಗದ ಕೈ.