ಒಂದು ಛತ್ರ, ಎರಡು ಕನ್‌ಫರ್ಮ್

ವೆಬ್‌ಸೈಟ್ ಕಟ್ಟೋರ ಬದುಕಲ್ಲಿ ಫಜೀತಿಗೆ ರಜಾ ಅನ್ನೋದೇ ಇಲ್ಲ. ಬನಶಂಕರಿಯ ನಮ್ಮ ಪುಟ್ಟ ಆಫೀಸಿಗಂತೂ ಅದು ದಿನಾ ಹಾಜರು.

ಕತ್ರಿಗುಪ್ಪೆಯ ಛತ್ರದ ಯಜಮಾನರೊಬ್ಬರು ನಮ್ಮ ಗಿರಾಕಿ. ಅವರದ್ದೂ ಸೇರಿ ಸುತ್ತಮುತ್ತಲ ಛತ್ರಗಳ ಬುಕಿಂಗ್ ಸೈಟು ನಮ್ಮ ಕೆಲಸ, ತಂಡಕ್ಕೆ ನಾನೇ ಲೀಡು. ತಮ್ಮಪ್ಪ ರಾಗಿ ಬೆಳೀತಿದ್ದ ಹೊಲದಲ್ಲೇ ಯಜಮಾನರು ಛತ್ರ ಕಟ್ಟಿದ್ದು. "ನನ್ನ ಮಗಳ ಧಾರೆ ಈ ನೆಲದಲ್ಲೇ ಆಗ್ಬೇಕಮ್ಮ, ಅಷ್ಟೇ ಆಸೆ" ಅನ್ನೋರು.

೧. ಸರ್ವರ್ ಬೀಳೋ ಗಳಿಗೆ

ಸೈಟು ದಿನಾ ಒಂದ್ಸಲ ಬೀಳೋದು. ಸೋಮವಾರ ಒಂಬತ್ತಕ್ಕೆ, ಶುಕ್ರವಾರ ಹನ್ನೆರಡಕ್ಕೆ. ಯಾರೋ ಹ್ಯಾಕ್ ಮಾಡ್ತಿದ್ದಾರೆ ಅಂತ ತಲೆ ಕೆಡಿಸ್ಕೊಂಡ್ವಿ. ಒಂದು ಶುಕ್ರವಾರ ಅಮ್ಮ ಫೋನ್ ಮಾಡಿ, "ಗ್ಯಾಸ್ ಬುಕ್ ಮಾಡ್ಕೊಡೇ. ಈಗ್ಲೇ ಬೇಡ, ಹನ್ನೆರಡರ ತನಕ ರಾಹುಕಾಲ" ಅಂದ್ಲು. ಅಯ್ಯೋ ದೇವ್ರೇ! ಹೆಣ್ಣು ಹೆತ್ತವರೆಲ್ಲ ರಾಹುಕಾಲ ಮುಗಿಯೋದನ್ನೇ ಕಾದು ಒಟ್ಟಿಗೆ ಬಟನ್ ಒತ್ತುತ್ತಿದ್ರು! ಅವತ್ತಿಂದ ಸರ್ವರ್ ಹೆಚ್ಚಿಸೋಕೆ ನಾವು ಗ್ರಾಫ್ ನೋಡಲ್ಲ, ಪಂಚಾಂಗ ನೋಡ್ತೀವಿ.

೨. ಕಾಲಂ ಇಲ್ಲದ ಡೇಟಾಬೇಸ್

"ನಮ್ಮ ಡೇಟಾಬೇಸಲ್ಲಿ ಇಷ್ಟೇ ಕಾಲಂ ಅಂತಿಲ್ಲ ಸಾರ್, ಯಾರು ಏನು ಬೇಕಾದ್ರೂ ಸೇರಿಸ್ಬಹುದು" ಅಂತ ಯಜಮಾನರ ಮುಂದೆ ಜಂಬ ಕೊಚ್ಕೊಂಡೆ. ಬುಕ್ ಮಾಡೋವಾಗ ಒಬ್ಬರು ಅಜ್ಜಿ ಸೇರಿಸಿದ್ರು: 'ಚಿಕ್ಕಮ್ಮನ ಕಡೆಯವರನ್ನ ದೊಡ್ಡಮ್ಮನ ಎದುರು ಪಂಕ್ತಿಗೆ ಕೂರಿಸ್ಬೇಡಿ. ಯಾಕೆ ಅಂತ ಫೋನಲ್ಲಿ ಹೇಳ್ತೀನಿ.' ಯಜಮಾನರು ಪಾಪ, ಫೋನ್ ಮಾಡೇಬಿಟ್ರು. ಕಿವಿ ಕೆಂಪಾದ್ಮೇಲೆ ಬಂದು ಕೈ ಮುಗಿದ್ರು: "ತಾಯಿ, ಇಷ್ಟೇ ಅಂತ ಕಾಲಂ ಹಾಕ್ಬಿಡಮ್ಮ."

೩. ಇಬ್ಬರಿಗೂ ಕನ್‌ಫರ್ಮ್

ಯಜಮಾನರ ಮಗಳ ಮದುವೆ ನಿಶ್ಚಯ ಆಯ್ತು. ನಮ್ಮ ಮೇಲಿನ ಪ್ರೀತಿಗೆ ಯಜಮಾನರು ತಮ್ಮದೇ ಛತ್ರವನ್ನ ಸೈಟಲ್ಲೇ ಬುಕ್ ಮಾಡಿದ್ರು, ರಾಹುಕಾಲ ಮುಗಿದ ತಕ್ಷಣ. ಅದೇ ಕ್ಷಣ ಇನ್ನೊಬ್ಬ ಹೆಣ್ಣಿನ ತಂದೆಯೂ ಅದೇ ದಿನಕ್ಕೆ ಒತ್ತಿದ್ರು. ನಮ್ಮ ಡೇಟಾಬೇಸಿಗೆ ಎರಡು ಪ್ರತಿ; ಒಂದರ ಸುದ್ದಿ ಇನ್ನೊಂದಕ್ಕೆ ತಲುಪೋದ್ರೊಳಗೆ ಇಬ್ಬರಿಗೂ 'ಕನ್‌ಫರ್ಮ್' ಹೋಗಿತ್ತು. ಗೊತ್ತಾಗೋ ಹೊತ್ತಿಗೆ ಆ ಇನ್ನೊಬ್ಬರು ಲಗ್ನಪತ್ರಿಕೆ ಹಂಚಿಯೂ ಆಗಿತ್ತು.

ನನಗೆ ಅಳುನೇ ಬಂತು. ಯಜಮಾನರೇ ನನ್ನನ್ನ ಸಮಾಧಾನ ಮಾಡಿದ್ರು.

"ಹೆಣ್ಣು ಹೆತ್ತವನ ಸಂಕಟ ನಂಗೊತ್ತಿಲ್ವಾ? ಅವರೇ ಮಾಡ್ಕೊಳ್ಳಲಿ ಬಿಡಮ್ಮ. ನಾನು ಮನೆ ಮುಂದೆ ಚಪ್ಪರ ಹಾಕಿಸ್ತೀನಿ. ಮನೆನೂ ಅದೇ ಹೊಲದಲ್ಲೇ ಇರೋದು. ಆಗ ಅಲ್ಲಿ ಎಮ್ಮೆ ಕಟ್ತಿದ್ವಿ, ಬೀಗರಿಗೆ ಮಾತ್ರ ಹೇಳ್ಬೇಡ!"

೪. ಸೋದರಮಾವ

ಮದುವೆ ದಿನ ಚಪ್ಪರದಲ್ಲಿ ಗಂಡಿನ ಕಡೆಯವರು, ನಾವು, ಮಿಕ್ಕಿದ್ದೆಲ್ಲ ಖಾಲಿ ಕುರ್ಚಿ. ನಮ್ಮ ಸೈಟಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಸರ್ವಿಸ್ಸು. ಜಾಗ ಬದಲಾಗಿದ್ದನ್ನ ಬುಕಿಂಗ್ ಸರ್ವಿಸ್‌ಗೆ ಹೇಳಿದ್ವಿ. ನೆಂಟರಿಗೆ ಮ್ಯಾಪ್ ಕಳಿಸೋ ಸರ್ವಿಸ್‌ಗೆ ಯಾರೂ ಹೇಳಿರಲಿಲ್ಲ. ನೆಂಟರೆಲ್ಲ ಛತ್ರದಲ್ಲಿ ಬೇರೆಯವರ ಉಪ್ಪಿಟ್ಟು ತಿಂತಾ ಕೂತಿದ್ರು! ಹುಡುಗಿನ ಮಂಟಪಕ್ಕೆ ಎತ್ಕೊಂಡು ಬರಬೇಕಾದ ಸೋದರಮಾವನೂ, ಯಜಮಾನರು ಬಾಯಲ್ಲಿ ಹೇಳಿದ್ದನ್ನ ಬಿಟ್ಟು, ಮ್ಯಾಪನ್ನೇ ನಂಬಿ ಅಲ್ಲಿಗೇ ಹೋಗಿದ್ದ. ಮುಹೂರ್ತ ಮೀರ್ತಿದೆ, ಪುರೋಹಿತರು ಕೂಗ್ತಿದ್ದಾರೆ, ಹುಡುಗಿ ಕಣ್ಣಲ್ಲಿ ನೀರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಅಷ್ಟರಲ್ಲಿ ಸೋದರಮಾವ ಏದುಸಿರು ಬಿಡ್ತಾ ಓಡಿಬಂದ.

"ಎಲ್ಲೋ ಹಾಳಾಗ್ಹೋಗಿದ್ದೆ?" ಯಜಮಾನರು ರೇಗಿದ್ರು.

"ಭಾವ, ಅಲ್ಲಿ ಮೈಕಲ್ಲಿ 'ಹೆಣ್ಣಿನ ಸೋದರಮಾವ ಬೇಗ ಬನ್ನಿ' ಅಂದ್ರು, ಓಡಿದೆ. ಹುಡುಗಿ ಬಾಸಿಂಗ ಕಟ್ಕೊಂಡು ತಲೆ ಬಗ್ಗಿಸಿ ಕೂತಿತ್ತು, ಎತ್ತಿಬಿಟ್ಟೆ. ಎತ್ತಿದ್ಮೇಲೆ ಗೊತ್ತಾಯ್ತು ಭಾವ, ನಮ್ಮ ಕೂಸು ಇಷ್ಟು ಹಗುರ ಇಲ್ಲ!"

ಅಳ್ತಿದ್ದ ಹುಡುಗಿ ಕೈಲಿದ್ದ ಹಾರದಲ್ಲೇ ಅವನಿಗೊಂದು ಬಾರಿಸಿ, "ಮಾವ, ಮಾತು ಸಾಕು, ಎತ್ತು!" ಅಂದ್ಲು.