ಚಿಣಮಿಯೂ ಇತರ ತಿದ್ದುಪಡಿಗಳೂ

ಸಂಶೋಧನ ಪತ್ರಿಕೆ ಅಂದರೆ ಗಂಭೀರ ವ್ಯವಹಾರ, ಅಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಅಂಥ ಪತ್ರಿಕೆ ನಡೆಸಿದವರಲ್ಲ. ಇಬ್ಬರು ಸೇರಿ ಖರೇನ ಬರೀಬೇಕು ಎಂದು ಹಠ ಹಿಡಿದು ಕೂತರೆ ಸಾಕು, ಒಂದಿಲ್ಲೊಂದು ಫಜೀತಿ ತಾನಾಗಿಯೇ ನಡೆದುಕೊಂಡು ಬರುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅಲ್ಲಿಂದ ವರ್ಷಕ್ಕೆ ಎರಡು ಸಲ ಒಂದು ಸಂಶೋಧನ ಪತ್ರಿಕೆ ಹೊರಡುತ್ತಿತ್ತು. ಸಂಪಾದಕರು ಇತಿಹಾಸದ ಪ್ರಾಧ್ಯಾಪಕರು, ನನಗೂ ಕಲಿಸಿದವರು. ಎಲ್ಲರೂ ಅವರನ್ನು ಬರೀ ‘ಸರ್’ ಅನ್ನುತ್ತಿದ್ದೆವು. ನಾನು ಉಪಸಂಪಾದಕ, ಅಂದರೆ ಅಂಚೆ ಚೀಟಿ ಹಚ್ಚುವವನು, ಕರಡು ತಿದ್ದುವವನು, ಬೈಸಿಕೊಳ್ಳುವವನು. ಗ್ರಂಥಾಲಯದ ಹಿಂದಿನ ತಗಡಿನ ಕೋಣೆಯೇ ನಮ್ಮ ಕಚೇರಿ. ಬೇಸಿಗೆಯಲ್ಲಿ ಅದರೊಳಗೆ ರೊಟ್ಟಿ ಬೇಯಿಸಬಹುದಿತ್ತು. ಯಾರು ಏನು ಬರೆದು ತಂದರೂ ಸರ್ ಕನ್ನಡಕದ ಮೇಲಿಂದ ನೋಡಿ, “ಇದು ನಿಮಗ ಹೆಂಗ ಗೊತ್ತಾತು?” ಎಂದು ಕೇಳುತ್ತಿದ್ದರು. ಅರ್ಧ ಜನ ಅಲ್ಲಿಂದಲೇ ಹಿಂದಿರುಗುತ್ತಿದ್ದರು.

ಈಗ ನಾನೂ ನಿವೃತ್ತ. ನಾನು ಏನೇ ಹೇಳಲಿ, ಎದುರಿಗಿದ್ದವರು ಹೌದ್ಹೌದು ಎಂದು ತಲೆ ಆಡಿಸುತ್ತಾರೆ. ಅದೇ ನನಗೆ ಸೇರುವುದಿಲ್ಲ.

ಮೆಚ್ಚಿದ ಲೇಖನ

ಒಮ್ಮೆ ಮುಧೋಳ ಕಡೆಯ ಒಬ್ಬ ಮಾಸ್ತರರು ಹಳೆಯ ಕೋಟೆಗಳ ಬಗ್ಗೆ ಲೇಖನ ಕಳಿಸಿದರು. ಸರ್ ಸಹಜವಾಗಿ ಯಾರನ್ನೂ ಹೊಗಳುವವರಲ್ಲ. ಅಂದು ಓದುತ್ತ ಓದುತ್ತ ತಲೆದೂಗಿದರು, ಎಷ್ಟು ಅಚ್ಚುಕಟ್ಟಾದ ವಾಕ್ಯ ನೋಡು ಎಂದು ನನಗೆ ಎರಡು ಪುಟ ಓದಿ ಹೇಳಿದರು. ಮೂರನೆಯ ಪುಟಕ್ಕೆ ಬಂದಾಗ ಓದು ನಿಲ್ಲಿಸಿದರು. ಎದ್ದು ಕಪಾಟಿನಿಂದ ಒಂದು ಹಳೆಯ ಮಾಸಪತ್ರಿಕೆ ತೆಗೆದರು. ಹತ್ತು ವರ್ಷದ ಹಿಂದೆ ಅದರಲ್ಲಿ ಬಂದಿದ್ದ ಸರ್ ಅವರದೇ ಲೇಖನ! ಶೀರ್ಷಿಕೆಯೊಂದು ಬಿಟ್ಟು ಎಲ್ಲವೂ ಇದ್ದಂತೆಯೇ ಇತ್ತು.

ಮಾಸ್ತರರನ್ನು ಕರೆಸಿದೆವು. ಅವರು ಒಂದಿಷ್ಟೂ ಅಂಜಲಿಲ್ಲ. ಲೇಖನ ಸರ್ ಅವರದೇ ಎಂದು ತಮಗೆ ಮೊದಲೇ ಗೊತ್ತಿತ್ತಂತೆ. ಬೇರೆಯವರದನ್ನು ಕಳಿಸಿದರೆ ಸರ್‌ಗೆ ಹಿಡಿಸುತ್ತದೋ ಇಲ್ಲವೋ ಎಂಬ ಅನುಮಾನವಿತ್ತಂತೆ. ಅದಕ್ಕೇ ಹಿಡಿಸುವ ಖಾತ್ರಿ ಇದ್ದದ್ದನ್ನೇ ಕಳಿಸಿದರಂತೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ಕೈ ಎತ್ತಿ ತಡೆದರು. ಅವರ ಕಣ್ಣು ಇನ್ನೂ ಹಾಳೆಯ ಮೇಲಿತ್ತು. ಅಂದು ಸಂಜೆ ಅವರೇ ಕೈಯಾರೆ ಬರೆದ ತಿರಸ್ಕಾರದ ಕಾಗದವನ್ನು ನಾನೇ ಅಂಚೆಗೆ ಹಾಕಿದೆ. ಅದರಲ್ಲಿ ಹೀಗಿತ್ತು: ‘ತಮ್ಮ ಲೇಖನ ಕದ್ದದ್ದಾದ್ದರಿಂದ ಪ್ರಕಟಿಸಲು ಆಗುವುದಿಲ್ಲ. ಆದರೆ ನಕಲು ಮಾಡುವಾಗ ನನ್ನ ಎರಡು ತಪ್ಪುಗಳನ್ನು ತಾವು ಸರಿಪಡಿಸಿದ್ದೀರಿ. ಅದಕ್ಕೆ ಕೃತಜ್ಞ.’

ಗುಟ್ಟು

ಬಂದ ಲೇಖನವನ್ನು ವಿಷಯ ಬಲ್ಲ ಒಬ್ಬರಿಗೆ ಪರಿಶೀಲನೆಗೆ ಕಳಿಸಬೇಕು, ಬರೆದವರು ಯಾರೆಂದು ಅವರಿಗೆ ತಿಳಿಯಬಾರದು, ಪರಿಶೀಲಿಸಿದವರು ಯಾರೆಂದು ಇವರಿಗೆ ತಿಳಿಯಬಾರದು ಎಂದು ಸರ್ ನಿಯಮ ಮಾಡಿದ್ದರು. ನಾನು ಕತ್ತರಿ ಹಿಡಿದು ಲೇಖಕರ ಹೆಸರು ಕತ್ತರಿಸಿ ಕಳಿಸುತ್ತಿದ್ದೆ. ಆದರೆ ನಮ್ಮ ಸೀಮೆಯಲ್ಲಿ ಹೆಸರು ಕತ್ತರಿಸಿದರೆ ಏನಾಯಿತು? ಅಕ್ಷರ ನೋಡಿದರೆ ಯಾರ ಮಗ, ಯಾವ ಸಾಲಿಯಲ್ಲಿ ಕಲಿತವನು ಎಂದು ಹೇಳುವ ಜನ.

ಹಾಗಿದ್ದೂ ಒಮ್ಮೆ ಗುಟ್ಟು ಗುಟ್ಟಾಗಿಯೇ ಉಳಿಯಿತು. ಬನಹಟ್ಟಿಯ ಒಬ್ಬ ತರುಣ ಉಪನ್ಯಾಸಕರ ಲೇಖನವನ್ನು ಜಮಖಂಡಿಯ ಒಬ್ಬ ಹಿರಿಯರಿಗೆ ಕಳಿಸಿದ್ದೆವು. ಹಿರಿಯರು ಅದನ್ನು ಚಿಂದಿ ಚಿಂದಿ ಮಾಡಿ ಎರಡು ಪುಟ ಟೀಕೆ ಬರೆದರು. ಆ ಟೀಕೆಯನ್ನು ಲೇಖಕರಿಗೆ ಕಳಿಸಿ ಉತ್ತರ ಕೇಳಿದೆವು.

ಮುಂದೆ ಹಿರಿಯರೇ ನನಗೆ ಹೇಳಿದಂತೆ, ವಾರದೊಳಗೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತರು. ತರುಣರು ಟೀಕೆಯ ಹಾಳೆ ತೆಗೆದು ಹಿರಿಯರಿಗೆ ತೋರಿಸಿ, ಇಂಥ ನಿರ್ದಯಿ ಎಲ್ಲಾದರೂ ಇದ್ದಾನೆಯೇ ಎಂದು ಅತ್ತುಕೊಂಡರು. ಹಿರಿಯರಿಗೆ ಆ ನಿರ್ದಯಿ ತಾವೇ ಎಂದು ಹೇಳುವ ಧೈರ್ಯವಿಲ್ಲ. ಹೌದು, ಭಾಳ ಒರಟು ಮನುಷ್ಯ ಇರಬೇಕು ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಬನಹಟ್ಟಿ ಬರುವುದರೊಳಗೆ ಪ್ರತಿಯೊಂದು ಆಕ್ಷೇಪಕ್ಕೂ ಹೀಗೆ ಉತ್ತರ ಬರಿ, ಹಾಗೆ ಉತ್ತರ ಬರಿ ಎಂದು ಹೇಳಿಕೊಟ್ಟರು.

ಉತ್ತರ ನಮಗೆ ಬಂತು. ನಿಯಮದ ಪ್ರಕಾರ ಅದನ್ನು ಮತ್ತೆ ಅದೇ ಹಿರಿಯರಿಗೆ ಕಳಿಸಿದೆವು. ಮರುಟಪಾಲಿಗೆ ಅವರ ಅಭಿಪ್ರಾಯ ಬಂತು: ‘ಲೇಖಕರ ಉತ್ತರ ಅತ್ಯಂತ ಸಮರ್ಪಕವಾಗಿದೆ. ಹಿಂದಿನ ಪರಿಶೀಲಕರಿಗೆ ವಿಷಯ ತಿಳಿದಂತಿಲ್ಲ.’

ಪಂಡಿತರು

ತಪ್ಪು ಅಚ್ಚಾದರೆ ಮುಂದಿನ ಸಂಚಿಕೆಯಲ್ಲಿ ಒಪ್ಪಿಕೊಳ್ಳಬೇಕು, ಅದೂ ಕೊನೆಯ ಪುಟದಲ್ಲಿ ಅಲ್ಲ, ಮೊದಲ ಪುಟದಲ್ಲಿ. ಇದು ಸರ್ ಅವರ ಇನ್ನೊಂದು ಹಠ. ನಮ್ಮ ಪತ್ರಿಕೆ ಬನಹಟ್ಟಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ, ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚಾಗುತ್ತಿತ್ತು. ಒಂದು ಸಲ ಲೋಕಾಪುರದ ಒಬ್ಬ ಸಂಸ್ಕೃತ ವಿದ್ವಾಂಸರ ಹೆಸರಿನ ಮುಂದೆ ‘ಪಂಡಿತರು’ ಎಂದಿರಬೇಕಾದಲ್ಲಿ ‘ದಂಡಿತರು’ ಎಂದು ಬಂತು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಕ್ಷಮೆ ಕೇಳಿ ತಿದ್ದುಪಡಿ ಹಾಕಿದೆವು. ಅದೂ ‘ಖಂಡಿತರು ಎಂದು ಓದಿಕೊಳ್ಳಬೇಕು’ ಎಂದು ಅಚ್ಚಾಯಿತು.

ವಿದ್ವಾಂಸರು ಕಾರ್ಡು ಬರೆದರು. ದಂಡಿತರು ಎಂದೇ ಇರಲಿ, ದಂಡದಿಂದ ಮನುಷ್ಯ ಬದುಕಿಯಾದರೂ ಉಳಿಯುತ್ತಾನೆ, ತುಂಡಾದರೆ ಅದೂ ಇಲ್ಲ, ದಯವಿಟ್ಟು ಇನ್ನೊಮ್ಮೆ ತಿದ್ದಬೇಡಿ ಎಂದಿತ್ತು.

ಎರಡನೆಯ ಹೆಸರು

ರಸಾಯನಶಾಸ್ತ್ರದ ಉಪನ್ಯಾಸಕರೊಬ್ಬರು ನೇಕಾರರ ಬಣ್ಣಗಳ ಬಗ್ಗೆ ಎರಡು ವರ್ಷ ಕೆಲಸ ಮಾಡಿ ಲೇಖನ ಬರೆದಿದ್ದರು. ಅಚ್ಚಿಗೆ ಹೋಗುವ ಮುನ್ನ ಅದರ ಮೇಲೆ ಎರಡನೆಯ ಹೆಸರೊಂದು ಕಾಣಿಸಿಕೊಂಡಿತು. ಆಡಳಿತ ಮಂಡಳಿಯ ಒಬ್ಬ ಹಿರಿಯ ಸದಸ್ಯರದು. ಅವರಿಗೆ ಬಣ್ಣದ ಸಂಬಂಧವೆಂದರೆ ತಾವು ಉಡುವ ಬಿಳಿ ಧೋತರವಷ್ಟೇ. ಉಪನ್ಯಾಸಕರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಅವರು ನಮ್ಮ ಕೋಣೆಗೆ ಬಂದು ಕಣ್ಣೀರು ಹಾಕಿದರು.

ಸರ್ ಜಗಳಕ್ಕೆ ಹೋಗಲಿಲ್ಲ. ಅತ್ಯಂತ ವಿನಯದಿಂದ ಆ ಸದಸ್ಯರ ಮನೆಗೆ ಹೋದರು, ನನ್ನನ್ನೂ ಕರೆದೊಯ್ದರು. ಚಹಾ ಆಯಿತು. ಆಮೇಲೆ ಒಂದು ಕಾಗದ ಮುಂದಿಟ್ಟರು. ‘ಈ ಲೇಖನದಲ್ಲಿ ತಪ್ಪಿದ್ದರೆ ಇಬ್ಬರೂ ಲೇಖಕರು ಸಮನಾಗಿ ಹೊಣೆ’ ಎಂದು ಅದರಲ್ಲಿತ್ತು, ಕೆಳಗೆ ಸಹಿಗೆ ಜಾಗ. ಲೇಖನ ನೋಡಿ ನೇಕಾರರು ಬಣ್ಣ ಕೂಡಿಸಬಹುದು, ಬಣ್ಣ ಬಿಟ್ಟರೆ ಅವರು ಸೀರೆ ಹಿಡಿದುಕೊಂಡು ನೇರ ಇಲ್ಲಿಗೇ ಬರಬಹುದು ಎಂದೂ ತಿಳಿಸಿದರು.

ಸದಸ್ಯರು ಕಾಗದವನ್ನು ಎರಡು ಸಲ ಓದಿದರು. ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗಿಟ್ಟುಕೊಂಡರು.

“ಸರ, ಬರದಾವ ಅವ. ತಪ್ಪು ಮಾಡಿದ್ರೂ ಅವನ ಮಾಡಿರತಾನ. ಪಾಪ, ಅವನ ಹೆಸರಿನ್ಯಾಗ ನಾ ಯಾಕ ಪಾಲ ಕೇಳ್ಲಿ?”

ಚಿಣಮಿ

ಇಷ್ಟು ಹೊತ್ತು ಬೇರೆಯವರ ಕಥೆ ಹೇಳಿದೆ. ಇದು ನನ್ನದು.

ರಬಕವಿಯ ಮಗ್ಗದ ಮಾತುಗಳ ಮೇಲೆ ನಾನೊಂದು ಲೇಖನ ಬರೆದೆ. ನದಿಯ ಕಡೆಯ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಳು. ದಿನವೆಲ್ಲ ಪಡಸಾಲೆಯಲ್ಲಿ ಕೂತು ರಾಟಿಯ ಮೇಲೆ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಸಣ್ಣ ಕೊಳವೆಗೆ, ನೂಲು ಸುತ್ತುತ್ತಿದ್ದಳು. ಹತ್ತಾರು ರವಿವಾರ ಅವಳ ಮುಂದೆ ಕೂತು, ಇದಕ್ಕೆ ಏನಂತಾರೆ, ಅದಕ್ಕೆ ಏನಂತಾರೆ ಎಂದು ಕೇಳಿ ಬರೆದುಕೊಂಡೆ. ಕಂಡಿಕೆಯ ಕೊನೆಯಲ್ಲಿ ಸುತ್ತಲಾಗದೆ ಉಳಿಯುವ ತುಣುಕು ನೂಲಿಗೆ ‘ಚಿಣಮಿ’ ಎಂದಳು. ಎಂಥ ಮುದ್ದಾದ ಪದ! ಅದರ ಮೇಲೇ ಒಂದು ಪುಟ ಬರೆದೆ.

ಲೇಖನ ಅಚ್ಚಾಯಿತು. ಹೊಗಳಿಕೆ ಬಂತು. ದೂರದ ಊರಿನ ಒಬ್ಬ ದೊಡ್ಡ ಭಾಷಾವಿದ್ವಾಂಸರು ಸರ್‌ಗೆ ನಾಲ್ಕು ಪುಟದ ಪತ್ರ ಬರೆದು, ಚಿಣಮಿ ಸಾವಿರ ವರ್ಷದ ಹಳಗನ್ನಡದ ಪದ, ಸಣ್ಣದು ಎಂಬರ್ಥದ ಧಾತುವಿನಿಂದ ಬಂದದ್ದು ಎಂದು ಸಾಧಿಸಿದರು. ನನ್ನ ಪಿಎಚ್.ಡಿ.ಗೆ ಅವರೇ ಮಾರ್ಗದರ್ಶಕರಾಗಲು ಒಪ್ಪಿದರು. ನಾನು ನೆಲಕ್ಕೆ ಕಾಲೂರದೆ ಓಡಾಡುತ್ತಿದ್ದೆ.

ಸರ್ ಮಾತ್ರ ಲೇಖನವನ್ನು ಅಚ್ಚಾದ ಮೇಲೂ ತಿರುವುತ್ತಿದ್ದರು. “ಪದ ಎಲ್ಲಾ ನೀ ಕೂಡಿಸಿದ್ದು ಅಂತ ಬರದೀ. ಹೇಳಿದಾಕಿ ಹೆಸರು ಎಲ್ಲೆ ಅದ?” ಎಂದು ಕೇಳಿದರು.

ನಾನು, ಓದು ಬರಹ ಬಾರದ ಅಜ್ಜಿ, ಹೆಸರು ಹಾಕಿದರೂ ಅವಳಿಗೆ ತಿಳಿಯುವುದಿಲ್ಲ ಎಂದೆ. ಸರ್ ಕೊಡೆ ತೆಗೆದುಕೊಂಡು ಎದ್ದರು. ಇಬ್ಬರೂ ತೇರದಾಳದ ಬಸ್ಸು ಹತ್ತಿ ರಬಕವಿಯಲ್ಲಿ ಇಳಿದೆವು.

ಸರ್ ಅಜ್ಜಿಯ ಎದುರು ಚಾಪೆಯ ಮೇಲೆ ಕೂತು, ಅವಳ ಹೆಸರು ಬಿಟ್ಟದ್ದಕ್ಕೆ ಮೊದಲು ತಪ್ಪೊಪ್ಪಿಕೊಂಡರು. ಆಮೇಲೆ ಲೇಖನವನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದರು. ಅವಳು ರಾಟಿ ತಿರುಗಿಸುತ್ತಲೇ ಕೇಳಿದಳು. ಮುಗಿದ ಮೇಲೆ, ಛಲೋ ಐತಿ, ಆದರೆ ಅದರಲ್ಲಿ ಆರು ಮಾತು ಸುಳ್ಳು ಎಂದಳು.

ನೀನೇ ಹೇಳಿದ್ದೆಯಲ್ಲ ಎಂದೆ.

“ಹೇಳಿದ್ನಿ. ನೀ ಬಿಸಲಾಗ ಬಂದ ಬಂದ ಕೇಳಾವ. ಗೊತ್ತಿಲ್ಲ ಅಂದ್ರ ನಿನ್ನ ಮಾರಿ ಸಣ್ಣದಾಗತಿತ್ತು. ಬರಿಗೈಲೆ ಹೆಂಗ ಕಳಸ್ಲಿ?”

ಚಿಣಮಿಯಾದರೂ ಖರೆಯೇ ಎಂದು ಸರ್ ಕೇಳಿದರು. ಅಜ್ಜಿ ಹಿತ್ತಲ ಬಾಗಿಲ ಕಡೆ ಕೈ ತೋರಿಸಿದಳು. ಅಲ್ಲೊಂದು ಕರಿಯ ಆಡು ಕಟ್ಟಿತ್ತು. ನಾನು ಪ್ರಶ್ನೆ ಕೇಳಿದ ದಿನ ಅದು ಬಂದು ನೂಲಿನ ತುಣುಕಿಗೆ ಬಾಯಿ ಹಾಕಿತ್ತಂತೆ. ಬಾಯಿಗೆ ಬಂದದ್ದು ಅದರ ಹೆಸರು. ಪದ ಸಾವಿರ ವರ್ಷದ್ದು ಎಂದು ದೊಡ್ಡ ವಿದ್ವಾಂಸರು ಬರೆದಿದ್ದಾರೆ ಎಂದು ನಾನು ಸೋತ ದನಿಯಲ್ಲಿ ತಿಳಿಸಿದೆ.

ಅವಳ ರಾಟಿ ನಿಂತಿತು. “ಸಾವಿರ ವರ್ಷ? ಮೊನ್ನಿ ದೀಪಾವಳಿಗೆ ಎರಡ ಮರಿ ಹಾಕೇತಲ್ಲೋ ಯಪ್ಪಾ!”

ಸರ್ ನಕ್ಕದ್ದನ್ನು ನಾನು ನೋಡಿದ್ದು ಅಂದೇ. ಕನ್ನಡಕ ತೆಗೆದು ಧೋತರದ ತುದಿಯಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನನಗೆ ಮಾತ್ರ ಅಳು ಬಂದಿತ್ತು. ಬಸ್ಸಿನಲ್ಲಿ ನಾನು ಅವರನ್ನು ಬೇಡಿಕೊಂಡೆ. ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನಿದ್ದುಬಿಡೋಣ, ನನ್ನ ಪಿಎಚ್.ಡಿ. ಹೋಗುತ್ತದೆ ಎಂದೆ. ಸರ್ ಕಿಟಕಿಯಿಂದ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

“ನಿನಗ ಗೊತ್ತಾಗೇದಲ್ಲೋ. ಮತ್ತ ಇನ್ನ ಯಾರಿಗೆ ಗೊತ್ತಾಗಬೇಕು?”

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಅಜ್ಜಿಯ ಹೆಸರು ದಪ್ಪ ಅಕ್ಷರದಲ್ಲಿ ಬಂತು. ಕೆಳಗೆ ಆರು ಸುಳ್ಳು ಪದಗಳು, ಅವುಗಳ ಕೆಳಗೆ ನನ್ನ ಕ್ಷಮಾಪಣೆ. ವಿದ್ವಾಂಸರು ನನಗೆ ಮತ್ತೆ ಕಾಗದ ಬರೆಯಲಿಲ್ಲ. ಆದರೆ ಚಿಣಮಿ ಪ್ರಾಚೀನ ಪದವೇ, ಅಜ್ಜಿಗೆ ನೆನಪು ತಪ್ಪಿದೆ ಎಂದು ಇನ್ನೊಂದು ಪತ್ರಿಕೆಯಲ್ಲಿ ಬರೆದರು. ಪಿಎಚ್.ಡಿ. ನನಗೆ ಏಳು ವರ್ಷ ತಡವಾಗಿ, ಬೇರೆ ವಿಷಯದಲ್ಲಿ ಸಿಕ್ಕಿತು.

ಸರ್ ನಿವೃತ್ತರಾಗಿ ಬೀಳಗಿಗೆ ಹೋದರು. ಅವರ ಬೆನ್ನಿಗೇ ಪತ್ರಿಕೆ ನಿಂತಿತು. ನಾನು ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ. ಅವರು ಉತ್ತರ ಬರೆಯುತ್ತಿರಲಿಲ್ಲ, ನನ್ನ ಕಾಗದವನ್ನೇ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಕಳಿಸುತ್ತಿದ್ದರು. ಒಂದು ತಿಂಗಳು ಕಾಗದ ಹಿಂದಿರುಗಿ ಬರಲಿಲ್ಲ. ಅದರಿಂದಲೇ ನನಗೆ ತಿಳಿಯಿತು.

ಮೊನ್ನೆ ಯಾವುದೋ ಮದುವೆಗೆಂದು ಬನಹಟ್ಟಿಗೆ ಹೋಗಿದ್ದೆ. ಒಂದು ಮನೆಯಲ್ಲಿ ಪವರ್‌ಲೂಮ್ ನಿಂತಿತ್ತು. ನಡುವಯಸ್ಸಿನ ನೇಕಾರನೊಬ್ಬ ಬಗ್ಗಿ ಏನನ್ನೋ ಹೆಕ್ಕುತ್ತ, ಚಿಣಮಿ ಸಿಕ್ಕೊಂಡೈತಿ ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ. ನಾನು ನಿಂತುಬಿಟ್ಟೆ. ಒಳಗೆ ಹೋಗಿ, ಚಿಣಮಿ ಎಂದರೇನು ಎಂದು ಕೇಳಿದೆ. ನೂಲಿನ ತುಣುಕು ತೋರಿಸಿದ. ಅದು ರಬಕವಿಯ ಒಬ್ಬ ಅಜ್ಜಿಯ ಆಡಿನ ಹೆಸರು, ಪದವೇ ಅಲ್ಲ, ನಾನೇ ಬಲ್ಲೆ ಎಂದು ವಿವರವಾಗಿ ತಿಳಿಸಿದೆ.

ಅವನು ನನ್ನನ್ನು ಕನಿಕರದಿಂದ ನೋಡಿದ.

“ಇಲ್ರಿ ಯಜಮಾನ್ರ. ಭಾಳ ಹಳೀ ಮಾತು ರೀ ಅದು. ಪುಸ್ತಕದಾಗ ಬಂದೈತಿ.”

ನನಗೆ ನಗೆ ಉಕ್ಕಿಬಂತು. ಹೇಳಬೇಕೆಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಸರ್ ಇರಲಿಲ್ಲ.